ಹೊಸ ಪದ್ಧತಿ, ಹಳೆಯ ಕೈಗಳು

ಹದಿನೈದು ದಿನಗಳ ತೀರ್ಥಯಾತ್ರೆಯನ್ನು ಮುಗಿಸಿಕೊಂಡು ಹಿರಿಯ ಗೃಹಿಣಿಯೊಬ್ಬರು ಮನೆಗೆ ಮರಳಿದರೆಂದು ಇಟ್ಟುಕೊಳ್ಳಿ. ಅವರಿಲ್ಲದ ವೇಳೆಯಲ್ಲಿ ಸೊಸೆ ಅಡುಗೆಮನೆಯನ್ನು ಹೊಸದಾಗಿ ಜೋಡಿಸಿದ್ದಾಳೆ. ಗೋಡೆಗೆ ಸುಣ್ಣ ಬಳಿಸಿದ್ದಾಳೆ. ಡಬ್ಬಿಗಳನ್ನು ತಿಕ್ಕಿ ತೊಳೆದು ಚೀಟಿ ಅಂಟಿಸಿದ್ದಾಳೆ. ದಿನವೂ ಬೇಕಾದುದು ಕೈಗೆಟಕುವಂತೆ, ಹಬ್ಬಕ್ಕೆ ಬೇಕಾದುದು ಅಟ್ಟದ ಮೇಲಿರುವಂತೆ ಏರ್ಪಡಿಸಿದ್ದಾಳೆ. ಯಾವ ದೃಷ್ಟಿಯಿಂದ ನೋಡಿದರೂ ಹೊಸ ಏರ್ಪಾಡು ಹಳೆಯದಕ್ಕಿಂತ ಮೇಲು. ಆದರೆ ಒಲೆಯ ಮೇಲೆ ಎಣ್ಣೆ ಕಾದು ಹೊಗೆಯೇಳುತ್ತಿರುವಾಗ ಅತ್ತೆಯ ಕೈ, ಮೂವತ್ತು ವರ್ಷಗಳಿಂದ ಸಾಸಿವೆ ಇದ್ದ ಎಡೆಗೆ ತಾನಾಗಿಯೇ ಹೋಗುತ್ತದೆ. ಅಲ್ಲಿ ಸಿಕ್ಕುವುದು ಸಕ್ಕರೆ. ಒಗ್ಗರಣೆ ಸೀದುಹೋಗುತ್ತದೆ. ಅಂದು ಆ ಮನೆಯಲ್ಲಿ ಏಳುವ ಮಾತು ಸಾಸಿವೆಯನ್ನು ಕುರಿತದ್ದೆಂದು ತೋರಿದರೂ ನಿಜವಾಗಿ ಸಾಸಿವೆಯನ್ನು ಕುರಿತದ್ದಲ್ಲ. "ನನ್ನನ್ನು ಒಂದು ಮಾತು ಕೇಳಬಹುದಾಗಿತ್ತು" ಎಂಬುದೇ ಅದರ ತಿರುಳು.

ಮನೆಯಲ್ಲಿ ನಡೆಯುವ ಈ ಪ್ರಸಂಗವೇ ಕಚೇರಿಯಲ್ಲಿ, ಕಾರ್ಖಾನೆಯಲ್ಲಿ, ಬ್ಯಾಂಕಿನಲ್ಲಿ ನಡೆದಾಗ ಅದಕ್ಕೆ ಬೇರೆ ಹೆಸರು ಬರುತ್ತದೆ. 'ನೌಕರರು ಬದಲಾವಣೆಯನ್ನು ವಿರೋಧಿಸುತ್ತಾರೆ' ಎಂದು ಅಧಿಕಾರಿಗಳು ದೂರುತ್ತಾರೆ. 'ಮೇಲಿನವರಿಗೆ ನಮ್ಮ ಕಷ್ಟ ತಿಳಿಯದು' ಎಂದು ನೌಕರರು ಗೊಣಗುತ್ತಾರೆ.

ಕನ್ನಡ ನಾಡಿನ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು ಇದನ್ನು ಇತ್ತೀಚಿನ ವರ್ಷಗಳಲ್ಲಿ ಹತ್ತಿರದಿಂದ ಕಂಡಿವೆ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. 1931ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಡನೆ ಕೂಡಿತು. ಮರುವರ್ಷ ಅದೇ ದಿನ, ಉಡುಪಿಯಲ್ಲಿ ಹುಟ್ಟಿ ಬೆಳೆದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನೂ, ಅದೇ ಊರಿನಲ್ಲಿ ಜನ್ಮತಾಳಿದ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನೂ ಸೇರಿದವು. ಮೂರು ವರ್ಷಗಳ ಅವಧಿಯಲ್ಲಿ ನಾಲ್ಕು ನಾಮಫಲಕಗಳು ಇಳಿದವು. ಗ್ರಾಹಕರ ಮಟ್ಟಿಗೆ ಅದು ಹೊಸ ಪಾಸ್‌ಪುಸ್ತಕ, ಹೊಸ ಚೆಕ್ ಪುಸ್ತಕದ ಪ್ರಶ್ನೆ. ಆದರೆ ಕೌಂಟರಿನ ಒಳಗಡೆ ಕುಳಿತವರಿಗೆ ಅದು ಗಣಕಯಂತ್ರದ ಪರದೆಯಿಂದ ಹಿಡಿದು ಸುತ್ತೋಲೆಯ ಭಾಷೆಯವರೆಗೆ, ಸೇವಾ ಹಿರಿತನದಿಂದ ಹಿಡಿದು ಪಕ್ಕದ ಮೇಜಿನ ಗೆಳೆಯನವರೆಗೆ ಎಲ್ಲವೂ ಅಲುಗಾಡಿದ ಕಾಲ.

ಇಂತಹ ಸಮಯದಲ್ಲಿ ಒಟ್ಟಿಗೆ ಕೆಲಸ ಮಾಡುವ ಒಂದು ತಂಡವನ್ನು ಹೊಸ ಪದ್ಧತಿಗೆ ಹೊಂದಿಸುವುದು ಹೇಗೆ? ಈ ಪ್ರಶ್ನೆಯನ್ನು ಊಹೆಗೆ ಬಿಡದೆ, ಪ್ರಯೋಗದಿಂದಲೇ ಉತ್ತರ ಹುಡುಕಿದ ಎರಡು ಕಥೆಗಳು ಕೈಗಾರಿಕಾ ಪ್ರಪಂಚದಲ್ಲಿ ಪ್ರಸಿದ್ಧವಾಗಿವೆ. ಒಂದು ಅಮೆರಿಕದ್ದು; ಇನ್ನೊಂದು ಭಾರತದ್ದೇ.

ಪೈಜಾಮ ಕಾರ್ಖಾನೆಯ ಒಗಟು

ಅಮೆರಿಕದ ವರ್ಜೀನಿಯಾ ರಾಜ್ಯದ ಗುಡ್ಡಗಾಡಿನಲ್ಲಿ ಮೇರಿಯನ್ ಎಂಬುದೊಂದು ಸಣ್ಣ ಊರು. ಅಲ್ಲಿ ಹಾರ್ವುಡ್ ಎಂಬ ಸಂಸ್ಥೆಯ ಪೈಜಾಮ ಕಾರ್ಖಾನೆಯಿತ್ತು. 1940ರ ದಶಕದಲ್ಲಿ ಅದರಲ್ಲಿ ಸುಮಾರು ಐನೂರು ಮಂದಿ ಸ್ತ್ರೀಯರೂ ನೂರು ಮಂದಿ ಪುರುಷರೂ ದುಡಿಯುತ್ತಿದ್ದರು. ಬಹುಮಂದಿ ಸುತ್ತಲಿನ ಹಳ್ಳಿಗಳಿಂದ ಬಂದ ಎಳೆಯ ವಯಸ್ಸಿನವರು. ಕೂಲಿ ದಿನದ ಲೆಕ್ಕದಲ್ಲಲ್ಲ, ಪೀಸಿನ ಲೆಕ್ಕದಲ್ಲಿ. ಪ್ರತಿಯೊಂದು ಕೆಲಸವನ್ನೂ ಅಳೆದು, ಪಳಗಿದ ಕೈ ಗಂಟೆಗೆ 60 ಅಂಶದಷ್ಟು ಕೆಲಸ ಮಾಡಬೇಕೆಂದು ಗೊತ್ತುಮಾಡಲಾಗಿತ್ತು.

ಕಾರ್ಖಾನೆಯ ಮಾಲೀಕರು ಕ್ರೂರಿಗಳಲ್ಲ; ಸಂಬಳ ಸವಲತ್ತುಗಳೂ ಕಡಿಮೆಯಿರಲಿಲ್ಲ. ಆದರೆ ಅವರನ್ನು ಒಂದು ಒಗಟು ಕಾಡುತ್ತಿತ್ತು. ಉಡುಪಿನ ಮಾದರಿ ಬದಲಾದಾಗಲೆಲ್ಲ ಕೆಲಸದ ರೀತಿಯೂ ಬದಲಾಗಬೇಕಷ್ಟೆ. ಹಾಗೆ ಬದಲಾದೊಡನೆ, ನಿನ್ನೆಯವರೆಗೆ ಚುರುಕಾಗಿದ್ದ ಕೈಗಳು ಜಡವಾಗುತ್ತಿದ್ದವು. ಹೊಸ ಕೆಲಸ ಕಲಿಯುವ ಅವಧಿಯಲ್ಲಿ ಕೂಲಿಗೆ ಖೋತಾ ಬೀಳದಂತೆ ಸಂಸ್ಥೆ ವಿಶೇಷ ಭತ್ಯವನ್ನು ಕೊಡುತ್ತಿತ್ತು, ಆದರೂ ಫಲವಿಲ್ಲ. ಹೀಗೆ ಕೆಲಸ ಬದಲಾದವರ ಲೆಕ್ಕ ತೆಗೆದಾಗ, ನೂರಕ್ಕೆ 38 ಮಂದಿ ಮಾತ್ರ ಮತ್ತೆ 60ರ ಮಟ್ಟವನ್ನು ಮುಟ್ಟಿದ್ದರು. ಉಳಿದ 62 ಮಂದಿಯಲ್ಲಿ ಕೆಲವರು ಖಾಯಂ ಹಿಂದುಳಿದರು. ಕೆಲವರು ಕೆಲಸವನ್ನೇ ಬಿಟ್ಟರು.

ಕೈಚಳಕದ ಕೊರತೆಯೇ ಇದಕ್ಕೆ ಕಾರಣವೆನ್ನುವಂತಿರಲಿಲ್ಲ. ಏಕೆಂದರೆ ಬದಲಾವಣೆಗಳು ತೀರ ಅಲ್ಪ. ಕಾರಣ ಕೈಯಲ್ಲಿಲ್ಲ, ಮನಸ್ಸಿನಲ್ಲಿದೆ ಎಂದು ಶಂಕಿಸಿದವರು ಇಬ್ಬರು: ಕಾರ್ಖಾನೆಯ ಸಿಬ್ಬಂದಿ ವಿಭಾಗದ ಲೆಸ್ಟರ್ ಕೋಚ್ ಮತ್ತು ಮನಶ್ಶಾಸ್ತ್ರಜ್ಞ ಜಾನ್ ಫ್ರೆಂಚ್.

ಕುರ್ಟ್ ಲೆವಿನ್ನರ ವಿಚಾರ

ಅವರಿಬ್ಬರಿಗೂ ದಾರಿ ತೋರಿದವರು ಕುರ್ಟ್ ಲೆವಿನ್. ಹಿಟ್ಲರನ ಆಳ್ವಿಕೆ ಮೊದಲಾದ 1933ರಲ್ಲಿ ಜರ್ಮನಿಯನ್ನು ತೊರೆದು ಅಮೆರಿಕಕ್ಕೆ ಬಂದ ಯೆಹೂದಿ ವಿದ್ವಾಂಸರು ಅವರು. ಅವರ ವಿಚಾರವನ್ನು ನಮ್ಮ ಕಡೆಯ ಎತ್ತಿನ ಗಾಡಿಯ ದೃಷ್ಟಾಂತದಿಂದ ತಿಳಿಯಬಹುದು. ಗಾಡಿ ನಿಂತುಹೋದರೆ ಎತ್ತುಗಳಿಗೆ ಬಾರುಕೋಲಿನಿಂದ ಹೊಡೆಯುವುದು ಒಂದು ಬಗೆ; ಕೆಳಗಿಳಿದು ಚಕ್ರಕ್ಕೆ ಅಡ್ಡಬಂದ ಕಲ್ಲನ್ನು ತೆಗೆಯುವುದು ಇನ್ನೊಂದು ಬಗೆ. ಮೊದಲನೆಯದರಿಂದಲೂ ಗಾಡಿ ಚಲಿಸಬಹುದು. ಆದರೆ ಮೂಕಿ ಮುರಿಯುವ ಭಯವಿದೆ. ಎರಡನೆಯದರಿಂದ ಅದು ಸಲೀಸಾಗಿ ಸಾಗುತ್ತದೆ. ನೂಕುವ ಬಲವನ್ನು ಹೆಚ್ಚಿಸುವುದಕ್ಕಿಂತ ತಡೆಯುವ ಬಲವನ್ನು ಕಡಿಮೆ ಮಾಡುವುದೇ ಜಾಣತನವೆಂಬುದು ಲೆವಿನ್ನರ ಸಿದ್ಧಾಂತ.

ಇದನ್ನು ಅವರು ಅಡುಗೆಮನೆಯಲ್ಲಿಯೇ ಪರೀಕ್ಷಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಂಸದ ಅಭಾವ ಉಂಟಾದಾಗ, ಅಮೆರಿಕದ ಗೃಹಿಣಿಯರು ಸಾಮಾನ್ಯವಾಗಿ ಬಳಸದಿದ್ದ ಒಳಭಾಗದ ಮಾಂಸವನ್ನು ಅಡುಗೆಗೆ ಬಳಸುವಂತೆ ಒಲಿಸಬೇಕಾಗಿತ್ತು. ಕೆಲವು ಗುಂಪುಗಳಿಗೆ ಸೊಗಸಾದ ಉಪನ್ಯಾಸವನ್ನು ಏರ್ಪಡಿಸಿದರು. ಇನ್ನು ಕೆಲವು ಗುಂಪುಗಳನ್ನು ಕೂರಿಸಿ, ಅಡಚಣೆಗಳೇನೆಂದು ಅವರನ್ನೇ ಕೇಳಿ, ಚರ್ಚಿಸಿ, ಅವರೇ ನಿರ್ಧರಿಸುವಂತೆ ಬಿಟ್ಟರು. ಹಿಂದೆಂದೂ ಬಳಸದಿದ್ದ ಮಾಂಸವನ್ನು ಮನೆಯಲ್ಲಿ ಬಡಿಸಿದವರು ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3. ತಾವೇ ಕೂಡಿ ನಿರ್ಧರಿಸಿದವರಲ್ಲಿ ನೂರಕ್ಕೆ 32.

ಕಾಗದದ ಹಲಗೆಯೂ ಪೆಟ್ಟಿಗೆಯೂ

ಈ ಬೆಳಕಿನಲ್ಲಿ ಕೋಚ್ ಮತ್ತು ಫ್ರೆಂಚ್ ಕಾರ್ಖಾನೆಯಲ್ಲಿ ನಾಲ್ಕು ತಂಡಗಳನ್ನು ಆರಿಸಿಕೊಂಡರು.

ಮೊದಲನೆಯದು ಇಸ್ತ್ರಿ ಮಾಡುವ ಹದಿನೆಂಟು ಮಂದಿಯ ತಂಡ. ಇಸ್ತ್ರಿಯಾದ ಉಡುಪುಗಳನ್ನು ಅವರು ಅರ್ಧ ಡಜನ್‌ನಂತೆ ದಪ್ಪ ಕಾಗದದ ಹಲಗೆಯ ಮೇಲೆ ಪೇರಿಸಿಡುತ್ತಿದ್ದರು. ಇನ್ನು ಮುಂದೆ ಅಷ್ಟನ್ನೇ ಒಂದು ಪೆಟ್ಟಿಗೆಯಲ್ಲಿ ಇಡಬೇಕು. ಪೆಟ್ಟಿಗೆಯ ಸ್ಥಾನವೂ ಹಲಗೆಯಿದ್ದ ಸ್ಥಾನವೇ. ಕೆಲಸದಲ್ಲಿ ಆದ ಒಟ್ಟು ವ್ಯತ್ಯಾಸ ನೂರಕ್ಕೆ 9ರಷ್ಟೂ ಇಲ್ಲ. ಅದಕ್ಕಾಗಿ ಹೆಚ್ಚಿನ ಸಮಯವನ್ನೂ ಲೆಕ್ಕಕ್ಕೆ ಹಿಡಿಯಲಾಗಿತ್ತು. ಈ ತಂಡಕ್ಕೆ ವಿಷಯವನ್ನು ತಿಳಿಸಿದ್ದು ವಾಡಿಕೆಯ ರೀತಿಯಲ್ಲಿ: ಸಭೆ ಕರೆದರು, ಪೈಪೋಟಿಯ ಕಾರಣ ಬದಲಾವಣೆ ಅನಿವಾರ್ಯವೆಂದರು, ಹೊಸ ದರವನ್ನು ಸಾರಿದರು, ಪ್ರಶ್ನೆಗಳಿಗೆ ಉತ್ತರ ಕೊಟ್ಟರು, ಸಭೆ ಮುಗಿಸಿದರು.

ಎರಡನೆಯದು ಉಡುಪು ಮಡಿಸುವ ಹದಿಮೂರು ಮಂದಿಯ ತಂಡ. ಇವರ ಮುಂದೆ ನೋಡಲು ಒಂದೇ ರೀತಿಯ ಎರಡು ಉಡುಪುಗಳನ್ನು ಇಟ್ಟರು. ಒಂದು 1946ರಲ್ಲಿ ಮಾರಾಟವಾದದ್ದು, ಇನ್ನೊಂದು 1947ರದು. ಮೊದಲನೆಯದರ ಬೆಲೆ ಎರಡನೆಯದರ ಇಮ್ಮಡಿ. ಅಗ್ಗದ್ದು ಯಾವುದೆಂದು ಗುರುತಿಸಿರೆಂದರೆ ಯಾರಿಂದಲೂ ಆಗಲಿಲ್ಲ. ಖರ್ಚು ತಗ್ಗಿಸಬೇಕಾದ ಅಗತ್ಯ ಹೀಗೆ ಕಣ್ಣಿಗೇ ಕಂಡಿತು. ಬಳಿಕ ತಂಡದವರು ತಮ್ಮೊಳಗಿನಿಂದ ಕೆಲವರನ್ನು ಪ್ರತಿನಿಧಿಗಳಾಗಿ ಆರಿಸಿದರು. ಹೊಸ ವಿಧಾನವನ್ನೂ ದರವನ್ನೂ ನಿರ್ಣಯಿಸುವುದರಲ್ಲಿ ಅವರು ಭಾಗವಹಿಸಿದರು. ಮೊದಲು ತಾವು ಕಲಿತು, ಆಮೇಲೆ ಉಳಿದವರಿಗೆ ಕಲಿಸಿದರು. ಹೊಸ ಕೆಲಸವನ್ನು ಅವರು 'ನಮ್ಮ ಕೆಲಸ', 'ನಮ್ಮ ದರ' ಎಂದು ಕರೆಯತೊಡಗಿದ್ದನ್ನು ಪರಿಶೀಲಕರು ಗಮನಿಸಿದರು.

ಮೂರನೆಯ ಮತ್ತು ನಾಲ್ಕನೆಯ ತಂಡಗಳು ಸಿದ್ಧ ಉಡುಪನ್ನು ಪರೀಕ್ಷಿಸುವ ಎಂಟು ಮತ್ತು ಏಳು ಮಂದಿಯವು. ಚಿಕ್ಕ ತಂಡಗಳಾದ್ದರಿಂದ ಪ್ರತಿನಿಧಿಗಳ ಅಗತ್ಯವೇ ಇರಲಿಲ್ಲ. ಎಲ್ಲರೂ ಕುಳಿತು ಮಾತಾಡಿದರು. ಸಲಹೆಗಳು ಎಷ್ಟು ವೇಗವಾಗಿ ಬಂದುವೆಂದರೆ ಬರೆದುಕೊಳ್ಳುವವರಿಗೆ ಕಷ್ಟವಾಯಿತು.

ಫಲವೇನಾಯಿತು? ವಾಡಿಕೆಯಂತೆ ಆಜ್ಞೆ ಪಡೆದ ಇಸ್ತ್ರಿಯ ತಂಡದ ಕೆಲಸ ಕುಸಿದುಬಿದ್ದು, ಗಂಟೆಗೆ 50 ಅಂಶದ ಆಸುಪಾಸಿನಲ್ಲಿ ನಿಂತುಹೋಯಿತು. ಮೇಸ್ತ್ರಿಯೊಡನೆ ಜಗಳ, ಕೆಲಸ ಅಳೆಯುವವನ ಮೇಲೆ ಕೋಪ ಬೆಳೆದವು. ದರ ಅನ್ಯಾಯದ್ದೆಂದು ದೂರು ಕೊಟ್ಟರು. ತನಿಖೆ ಮಾಡಿದರೆ ದರ ತುಸು ಉದಾರವಾಗಿಯೇ ಇತ್ತು! ಮೊದಲ ನಲವತ್ತು ದಿನಗಳಲ್ಲಿಯೇ ನೂರಕ್ಕೆ 17ರಷ್ಟು ಮಂದಿ ಕೆಲಸ ಬಿಟ್ಟರು. ಪ್ರತಿನಿಧಿಗಳನ್ನು ಕಳುಹಿಸಿದ ತಂಡ ಹದಿನಾಲ್ಕು ದಿನಗಳಲ್ಲಿ 61ನ್ನು ಮುಟ್ಟಿತು. ಆ ನಲವತ್ತು ದಿನಗಳಲ್ಲಿ ಒಬ್ಬರೂ ಬಿಡಲಿಲ್ಲ. ಎಲ್ಲರೂ ಕೂಡಿ ನಿರ್ಧರಿಸಿದ ತಂಡಗಳು ಇನ್ನೂ ಬೇಗ ಚೇತರಿಸಿಕೊಂಡು, ಹಿಂದಿನ ಮಟ್ಟಕ್ಕಿಂತ ನೂರಕ್ಕೆ ಸುಮಾರು 14ರಷ್ಟು ಮೇಲೇರಿದವು.

ಇಸ್ತ್ರಿಯವರು ಸ್ವಭಾವತಃ ಹಟಮಾರಿಗಳಾಗಿರಬಹುದಲ್ಲ ಎಂಬ ಸಂಶಯ ಯಾರಿಗಾದರೂ ಬರಬಹುದು. ಕಥೆಯ ಸ್ವಾರಸ್ಯವಿರುವುದು ಇಲ್ಲಿಯೇ. ಎರಡೂವರೆ ತಿಂಗಳ ನಂತರ ಅದೇ ತಂಡದಲ್ಲಿ ಉಳಿದಿದ್ದ ಹದಿಮೂರು ಮಂದಿಯನ್ನು ಬೇರೊಂದು ಹೊಸ ಕೆಲಸಕ್ಕೆ ಹಾಕಬೇಕಾಯಿತು. ಈ ಬಾರಿ ಅವರನ್ನೂ ಕೂರಿಸಿ, ಕೇಳಿ, ಅವರ ಕೈಯಿಂದಲೇ ವಿಧಾನವನ್ನು ರೂಪಿಸಿದರು. ಅದೇ ಜನ, ಅದೇ ಕಾರ್ಖಾನೆ, ಅದೇ ಮೇಲ್ವಿಚಾರಣೆ. ಆದರೆ ಈಗ ಅವರೂ ಇತರರಂತೆಯೇ ಬೇಗನೆ ಹಳೆಯ ಮಟ್ಟವನ್ನು ಮುಟ್ಟಿ ಅದನ್ನೂ ಮೀರಿದರು. ಹಟವಿದ್ದದ್ದು ಜನರಲ್ಲಲ್ಲ, ಅವರನ್ನು ನಡೆಸಿಕೊಂಡ ರೀತಿಯಲ್ಲಿ. 1948ರಲ್ಲಿ ಪ್ರಕಟವಾದ ಈ ವರದಿ ಜಗತ್ತಿನ ವ್ಯವಸ್ಥಾಪನಶಾಸ್ತ್ರದಲ್ಲಿ ಒಂದು ಮೈಲಿಗಲ್ಲಾಯಿತು. ಆದರೆ ಅದನ್ನು ಕಾಣಲು ಲೆವಿನ್ ಉಳಿದಿರಲಿಲ್ಲ. ಅವರು 1947ರಲ್ಲಿಯೇ ತೀರಿಕೊಂಡಿದ್ದರು.

ಅಹಮದಾಬಾದಿನ ಮಗ್ಗಗಳು

ಎರಡನೆಯ ಕಥೆಯ ರಂಗಸ್ಥಳ ಅಹಮದಾಬಾದಿನ ಕ್ಯಾಲಿಕೊ ಮಿಲ್ಲು. ಆಕಾಶ ವಿಜ್ಞಾನಿ ವಿಕ್ರಮ ಸಾರಾಭಾಯಿಯವರ ಅಣ್ಣ ಗೌತಮ ಸಾರಾಭಾಯಿಯವರು ಅದರ ಅಧ್ಯಕ್ಷರಾಗಿದ್ದರು. 1952ರಲ್ಲಿ ಅಲ್ಲಿನ ಒಂದು ಶೆಡ್ಡಿಗೆ ಸ್ವಯಂಚಾಲಿತ ಮಗ್ಗಗಳು ಬಂದವು. ಯಂತ್ರ ಹೊಸದು, ಕೆಲಸಗಾರರು ಅನುಭವಸ್ಥರು. ಆದರೂ ಬಟ್ಟೆಯ ಪ್ರಮಾಣ ನಿರೀಕ್ಷೆಯನ್ನು ಮುಟ್ಟಲಿಲ್ಲ. ಹಾಳಾಗುವ ಬಟ್ಟೆಯೂ ಹೆಚ್ಚು. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರನ್ನು ಕರೆಸಿದರು.

ರೈಸ್ ಮಗ್ಗಗಳನ್ನು ನೋಡುವುದಕ್ಕಿಂತ ಮನುಷ್ಯರನ್ನು ಹೆಚ್ಚು ನೋಡಿದರು. ಶೆಡ್ಡಿನಲ್ಲಿ 224 ಮಗ್ಗಗಳು, 29 ಕೆಲಸಗಾರರು. ಆದರೆ ಆ 29 ಮಂದಿಯ ನಡುವೆ ಹನ್ನೆರಡು ಬಗೆಯ ಪ್ರತ್ಯೇಕ ಕೆಲಸಗಳು. ಎಂಟು ಮಂದಿ ನೇಕಾರರು. ಅವರಿಗೆಲ್ಲ ಕಂಡಿಕೆ ತುಂಬುವವರು ಐದು ಮಂದಿ. ಹರಿದ ಎಳೆಗಳನ್ನು ಕೂಡಿಸುವವರು ಮೂರು ಮಂದಿ. ಒಬ್ಬ ನೇಕಾರನ ಪಾಲಿಗೆ ಕಂಡಿಕೆಯವನು ಎಂಟರಲ್ಲಿ ಐದು ಭಾಗ ಮಾತ್ರ, ಎಳೆ ಕೂಡಿಸುವವನು ಎಂಟರಲ್ಲಿ ಮೂರು ಭಾಗ ಮಾತ್ರ ಲಭ್ಯ! ಯಾರು ಯಾರಿಗೆ ಸಹಾಯಕ, ಯಾರ ತಪ್ಪಿಗೆ ಯಾರು ಹೊಣೆ ಎಂಬುದು ಯಾರಿಗೂ ಸ್ಪಷ್ಟವಿಲ್ಲ. ಯಂತ್ರವನ್ನು ತಂದವರು ಮಗ್ಗದ ಹಾಸುಹೊಕ್ಕುಗಳನ್ನು ಯೋಚಿಸಿದ್ದರೇ ಹೊರತು ಮನುಷ್ಯ ಸಂಬಂಧದ ಹಾಸುಹೊಕ್ಕುಗಳನ್ನು ಯೋಚಿಸಿರಲಿಲ್ಲ.

ಏಳು ಮಂದಿಯ ಒಂದು ಗುಂಪಿಗೆ 64 ಮಗ್ಗಗಳ ಸಂಪೂರ್ಣ ಹೊಣೆಯನ್ನು ಒಪ್ಪಿಸಬಾರದೇಕೆ ಎಂದು ಚರ್ಚೆ ಮೊದಲಾಯಿತು. ಮೇಲ್ವಿಚಾರಕರೂ ಕೆಲಸಗಾರರೂ ಈ ಭಾವನೆಯನ್ನು ಹೊರಗಿನವರು ನಿರೀಕ್ಷಿಸಿದ್ದಕ್ಕಿಂತ ಬೇಗನೆ ತಮ್ಮದಾಗಿಸಿಕೊಂಡರು. ಗುಂಪುಗಳನ್ನು ಕಟ್ಟುವ ಕೆಲಸಕ್ಕೆ ತಾವೇ ಮುಂದಾದರು. ಮೊದಮೊದಲು ಏರುಪೇರುಗಳಾದವು. ಆಮೇಲೆ ನೂರಕ್ಕೆ ಸುಮಾರು 80ರಷ್ಟಿದ್ದ ಮಗ್ಗಗಳ ದಕ್ಷತೆ 95ಕ್ಕೇರಿತು. ಹಾಳಾಗುವ ಬಟ್ಟೆ 32ರಿಂದ 20ಕ್ಕಿಳಿಯಿತು. 1958ರಲ್ಲಿ ರೈಸ್ ಇದೆಲ್ಲವನ್ನೂ ಗ್ರಂಥರೂಪವಾಗಿ ಪ್ರಕಟಿಸಿದರು.

ತೋರಿಕೆಯ ಸಭೆ ಸಾಲದು

ಹಾಗಾದರೆ ಸಭೆ ಕರೆದು ಎಲ್ಲರ ಅಭಿಪ್ರಾಯ ಕೇಳಿಬಿಟ್ಟರೆ ಸರ್ವಸಂಕಟಗಳೂ ಪರಿಹಾರವೇ? ಅಲ್ಲವೆಂಬುದಕ್ಕೂ ಪುರಾವೆಯಿದೆ. ಹಾರ್ವುಡ್‌ನ ಪ್ರಯೋಗವನ್ನು ನಾರ್ವೆ ದೇಶದ ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ಮತ್ತೆ ನಡೆಸಿ, ಫಲವನ್ನು 1960ರಲ್ಲಿ ಪ್ರಕಟಿಸಿದರು. ಅಲ್ಲಿ ಭಾಗವಹಿಸಿದ ತಂಡಗಳ ಉತ್ಪಾದನೆ ಭಾಗವಹಿಸದ ತಂಡಗಳಿಗಿಂತ ಹೆಚ್ಚಲಿಲ್ಲ. ಅವರಿಗೆ ನಿರ್ಧರಿಸಲು ಬಿಟ್ಟಿದ್ದ ಸಂಗತಿಗಳು ಉತ್ಪಾದನೆಗೆ ಅಷ್ಟಾಗಿ ಸಂಬಂಧಿಸಿರಲಿಲ್ಲ ಎಂಬುದು ಒಂದು ವಿವರಣೆ. ಮನೆ ಕಟ್ಟುವುದನ್ನೆಲ್ಲ ಮುಗಿಸಿ, ಬಾಗಿಲಿಗೆ ಯಾವ ಬಣ್ಣವೆಂದು ಮಾತ್ರ ಕೇಳಿದರೆ ಯಾರಿಗೂ ಅದು ತಮ್ಮ ಮನೆಯೆನಿಸದು.

ಹಾರ್ವುಡ್‌ನಲ್ಲಿಯೂ 'ಬದಲಾಗಬೇಕೆ, ಬೇಡವೆ' ಎಂಬ ಪ್ರಶ್ನೆಯನ್ನು ಕಾರ್ಮಿಕರಿಗೆ ಬಿಟ್ಟಿರಲಿಲ್ಲ. 'ಹೇಗೆ ಬದಲಾಗಬೇಕು' ಎಂಬುದನ್ನು ಬಿಟ್ಟಿದ್ದರು. ಯಾವುದು ನಿರ್ಧಾರವಾಗಿಹೋಗಿದೆ, ಯಾವುದು ಇನ್ನೂ ತೆರೆದಿದೆ ಎಂಬ ಗೆರೆಯನ್ನು ಪ್ರಾಮಾಣಿಕವಾಗಿ ಎಳೆದು ತೋರಿಸುವುದೇ ಅಧಿಕಾರಿಯ ಮೊದಲ ಕರ್ತವ್ಯ. ತೀರ್ಮಾನವನ್ನು ಜೇಬಿನಲ್ಲಿಟ್ಟುಕೊಂಡು ಸಲಹೆ ಕೇಳುವವನಿಗಿಂತ, ನೇರವಾಗಿ ಆಜ್ಞೆ ಮಾಡುವವನೇ ವಾಸಿ.

ಎರಡು ಸಂಸ್ಥೆಗಳು ಒಂದಾಗುವಾಗಲೂ ಇದು ಸಾಧ್ಯವೇ? ಹಾರ್ವುಡ್‌ನ ಕಥೆಯಲ್ಲಿ ಅದಕ್ಕೂ ಒಂದು ಉತ್ತರವಿದೆ. 1962ರಲ್ಲಿ ಅದು ತನ್ನ ಪ್ರತಿಸ್ಪರ್ಧಿಯಾಗಿದ್ದ, ನಷ್ಟದಲ್ಲಿ ಮುಳುಗಿದ್ದ ವೆಲ್ಡನ್ ಎಂಬ ಸಂಸ್ಥೆಯನ್ನು ಕೊಂಡಿತು. ಗೆದ್ದವರು ಸೋತವರನ್ನು ಆಳುವ ರೀತಿಯಲ್ಲಿ ನಡೆಯದೆ, ಯಂತ್ರಗಳ ಸುಧಾರಣೆ, ಕೆಲಸಗಾರರಿಗೆ ತರಬೇತಿ, ತಂಡಗಳೊಡನೆ ಸಮಾಲೋಚನೆ ಇವು ಮೂರನ್ನೂ ಜೊತೆಜೊತೆಯಾಗಿ ನಡೆಸಿದರು. ಎರಡು ವರ್ಷಗಳಲ್ಲಿ ವೆಲ್ಡನ್ ನಷ್ಟದಿಂದ ಲಾಭಕ್ಕೆ ತಿರುಗಿತು. ಬರಿಯ ಮಾತುಕತೆಯಿಂದ ಅದು ಆಗುತ್ತಿರಲಿಲ್ಲ. ಮಾತುಕತೆಯಿಲ್ಲದ ತರಬೇತಿಯಿಂದಲೂ ಆಗುತ್ತಿರಲಿಲ್ಲವೇನೋ.

ನಮ್ಮ ಕಚೇರಿಗಳಿಗೆ

ಇಂದು ವಿಲೀನಗೊಂಡ ಬ್ಯಾಂಕಿನ ಶಾಖೆಯ ವ್ಯವಸ್ಥಾಪಕರಿಗೆ, ಕಾಗದದ ಕಡತಗಳಿಂದ ಗಣಕಯಂತ್ರಕ್ಕೆ ದಾಟುತ್ತಿರುವ ಕಚೇರಿಯ ಮುಖ್ಯಸ್ಥರಿಗೆ, ಈ ಕಥೆಗಳಿಂದ ಕೆಲವು ಮಾತುಗಳು ದೊರೆಯುತ್ತವೆ. ಕೇಂದ್ರ ಕಚೇರಿಯ ನಿರ್ಣಯವನ್ನು ಅವರು ಬದಲಿಸಲಾರರು. ಆದರೆ ಯಾವ ಕೆಲಸವನ್ನು ಮೊದಲು ಹೊಸ ಪದ್ಧತಿಗೆ ತರಬೇಕು, ಗಿರಾಕಿಗಳ ದಟ್ಟಣೆಯ ದಿನ ಯಾರು ಎಲ್ಲಿ ಕೂರಬೇಕು, ಯಾರು ಯಾರಿಗೆ ಕಲಿಸಬೇಕು ಎಂಬುದನ್ನು ಆ ಹತ್ತು ಹನ್ನೆರಡು ಮಂದಿಗೇ ಬಿಡಬಲ್ಲರು. ಬದಲಾವಣೆಯ ಕಾರಣವನ್ನು ಸುತ್ತೋಲೆಯ ಭಾಷೆಯಲ್ಲಲ್ಲದೆ, ಆ ಎರಡು ಪೈಜಾಮಗಳಂತೆ ಕಣ್ಣಿಗೆ ಕಾಣುವಂತೆ ತೋರಿಸಬಲ್ಲರು. ಒಟ್ಟಿಗೆ ಪಳಗಿದ ಚಿಕ್ಕ ಗುಂಪನ್ನು ಚೆದುರಿಸುವ ಮುನ್ನ ಎರಡು ಬಾರಿ ಯೋಚಿಸಬಲ್ಲರು. ಕಲಿಯುವಾಗ ಕೈ ತಡವರಿಸುವುದು ಸಹಜವೆಂದು ತಿಳಿದು, ಮೊದಲ ವಾರಗಳ ಕುಂದನ್ನು ಸೋಮಾರಿತನವೆಂದು ಬಗೆಯದೆ ತಾಳಿಕೊಳ್ಳಬಲ್ಲರು.

ನಿವೃತ್ತಿಗೆ ಎರಡು ವರ್ಷ ಉಳಿದಿರುವ ಗುಮಾಸ್ತರೊಬ್ಬರು ಹೊಸ ಪರದೆಯ ಮುಂದೆ ಮಂಕಾಗಿ ಕುಳಿತಾಗ, ಅವರು ಕಳೆದುಕೊಂಡಿರುವುದು ಒಂದು ಅಭ್ಯಾಸವನ್ನು ಮಾತ್ರವಲ್ಲ. ಊರಿನ ಯಾರ ಖಾತೆಯನ್ನೂ ನೆನಪಿನಿಂದಲೇ ಹೇಳಬಲ್ಲೆನೆಂಬ ಹೆಮ್ಮೆಯನ್ನು. ಕಿರಿಯರು ಸಂಶಯ ಕೇಳಲು ತಮ್ಮ ಮೇಜಿನ ಬಳಿಗೆ ಬರುತ್ತಿದ್ದ ಸ್ಥಾನವನ್ನು. ಮನೆಯಲ್ಲಿ ಅವರ ಮೌನವನ್ನು ಕಂಡ ಹೆಂಡತಿ ಮಕ್ಕಳಿಗೆ ಇದು ಅರ್ಥವಾಗುತ್ತದೆ, ಕಚೇರಿಗೂ ಅರ್ಥವಾಗಬೇಕು. ಆ ಗುಮಾಸ್ತರನ್ನು ಕರೆದು, "ನಿಮಗೆ ಈ ಊರಿನ ಜನ ಗೊತ್ತು, ಅವನಿಗೆ ಈ ಯಂತ್ರ ಗೊತ್ತು, ಇಬ್ಬರೂ ಕುಳಿತು ಒಂದು ದಾರಿ ಹೇಳಿ" ಎಂದರೆ ಅವರ ಅನುಭವ ವ್ಯರ್ಥವಾಗದು, ಮಾನವೂ ಉಳಿಯುತ್ತದೆ.

'ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾ ಮಾಡಿದ್ದು ಉತ್ತಮ' ಎಂಬುದು ನಮ್ಮ ಹಿರಿಯರ ಗಾದೆ. ಬೇರೆಯವರ ಕೈಗೆ ಕೆಲಸ ಒಪ್ಪಿಸಬೇಡ ಎಂಬುದು ಅದರ ಸಾಮಾನ್ಯ ಅರ್ಥ. ಅದನ್ನು ತಿರುವಿ ನೋಡಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ: ತಾನು ಆಳು ಎನಿಸಿದವನ ಕೈಯಲ್ಲಿ ಹಾಳಾಗುವ ಕೆಲಸವೇ, ತನ್ನದೆನಿಸಿದಾಗ ಉತ್ತಮವಾಗುತ್ತದೆ.

ಆ ಅಡುಗೆಮನೆಯಲ್ಲಿಯೂ ಅಷ್ಟೇ. ಅತ್ತೆ ಊರಿನಿಂದ ಬರುವವರೆಗೆ ಸೊಸೆ ನಾಲ್ಕು ದಿನ ಕಾದಿದ್ದರೆ, ಇಬ್ಬರೂ ಕೂಡಿಯೇ ಡಬ್ಬಿಗಳನ್ನು ಇಳಿಸಿ ತೊಳೆದಿದ್ದರೆ, ಪ್ರಾಯಶಃ ಅದೇ ಚೀಟಿಗಳು ಅಂಟುತ್ತಿದ್ದವು. ಅದೇ ಸುಣ್ಣ ಬಳಿಯುತ್ತಿದ್ದರು. ಸಾಸಿವೆ ಮಾತ್ರ ಒಲೆಗೆ ಇನ್ನೂ ಒಂದು ಗೇಣು ಹತ್ತಿರಕ್ಕೆ ಬರುತ್ತಿತ್ತು. ಏಕೆಂದರೆ ಎಣ್ಣೆ ಕಾದಾಗ ಕೈ ಎಷ್ಟು ದೂರ ಹೋಗಬಲ್ಲುದೆಂಬುದು ಮೂವತ್ತು ವರ್ಷ ಒಗ್ಗರಣೆ ಹಾಕಿದವರಿಗೇ ಗೊತ್ತು.